ಮೇಸ್ತ್ರಿಯ ಹಿಂದೆ ಮಸ್ಕಿ ಗುಡ್ಡಕ್ಕೆ

"ಅಲ್ಲಾ, ಇಷ್ಟು ದೊಡ್ಡ ಗುಡಿ ಎಲ್ಲಿ ಹೋತು ಅಂತೀನಿ?"

ಬಸ್ಸಪ್ಪ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಮಸ್ಕಿ ಗುಡ್ಡದ ಬಂಡೆಗಳ ಕಡೆ ಮುಖ ಮಾಡಿ, ಗುಡ್ಡವೇ ಜವಾಬು ಕೊಡಬೇಕು ಎನ್ನುವಂತೆ ಕೇಳಿದ. ಅವನ ಹಿಂದೆ ಒಬ್ಬರ ಬೆನ್ನಿಗೊಬ್ಬರು ಸಾಲಾಗಿ ನಿಂತಿದ್ದ ಮೂವರೂ ಬಾಯಿ ಬಿಡಲಿಲ್ಲ. ಗುಡ್ಡವೂ ಬಿಡಲಿಲ್ಲ. ಕೆಳಗೆಲ್ಲೋ ಒಂದು ಆಡು ಮಾತ್ರ ಒದರಿ ಸುಮ್ಮನಾಯಿತು.

ನಾಲ್ವರೂ ಹಟ್ಟಿಯವರು. ಬಂಗಾರದ ಗಣಿಯಲ್ಲಿ ಒಂದೇ ಗ್ಯಾಂಗಿನಲ್ಲಿ ದುಡಿಯುವವರು. ಭೂಮಿಯ ಹೊಟ್ಟೆಯೊಳಗೆ ನಡೆಯುವುದಕ್ಕೆ ಒಂದು ಶಿಸ್ತಿದೆ. ಮೇಸ್ತ್ರಿ ಮುಂದೆ, ಉಳಿದವರು ಹಿಂದೆ. ಮೇಸ್ತ್ರಿ ಕಬ್ಬಿಣದ ಸಲಾಕೆಯಿಂದ ತಲೆ ಮೇಲಿನ ಕಲ್ಲನ್ನು ಬಡಿದು, ಕಿವಿಗೊಟ್ಟು, ಕಲ್ಲು ಗಟ್ಟಿಯೋ ಟೊಳ್ಳೋ ಎಂದು ತಿಳಿದು ಹೆಜ್ಜೆ ಇಡುತ್ತಾನೆ. ಅವನು ಕೇಳಿಸಿಕೊಳ್ಳುತ್ತಿರುವಾಗ ಯಾರೂ ಮಾತಾಡಬಾರದು. ಅವನನ್ನು ದಾಟಿ ಯಾರೂ ಮುಂದೆ ಹೋಗಬಾರದು. ಅವನು ತಿರುಗಿದ ಕಡೆ ತಿರುಗಬೇಕು, ನಿಂತ ಕಡೆ ನಿಲ್ಲಬೇಕು. ಬಸ್ಸಪ್ಪನ ಹಿಂದೆ ಹೀಗೆ ನಡೆದೂ ನಡೆದೂ ಆ ಮೂವರಿಗೆ ಈ ಶಿಸ್ತು ಎಲುಬಿನೊಳಗೆ ಇಳಿದುಬಿಟ್ಟಿತ್ತು. ಸಂತೆಗೆ ಹೋದರೂ ಸಾಲು, ಮದುವೆ ಊಟಕ್ಕೆ ಹೋದರೂ ಸಾಲು. ಹಟ್ಟಿಯ ಮಂದಿ ಇವರನ್ನು ಕಂಡರೆ, "ಬಂತು ನೋಡ್ರಪಾ ಗೂಡ್ಸ್ ಗಾಡಿ" ಎಂದು ನಗುತ್ತಿದ್ದರು.

ಗ್ಯಾಂಗಿನಲ್ಲಿ ಯಾರಿಗೂ ಪೆಟ್ಟಾಗದೆ ಒಂದು ವರ್ಷ ಕಳೆದರೆ ಮಸ್ಕಿ ಮಲ್ಲಯ್ಯನಿಗೆ ಕಾಯಿ ಒಡೆಸುವುದು ಅವರ ಹರಕೆ. ಊರ ಕಡೆಯಿಂದ ಮೆಟ್ಟಿಲು ಹತ್ತಿದರೆ ಸುಲಭ. ಆದರೆ ಬಸ್ಸಪ್ಪನಿಗಿಂತ ಮೊದಲಿದ್ದ ಮೇಸ್ತ್ರಿ ಗುಡ್ಡದ ಬೆನ್ನ ಮೇಲಿನ ಹಾದಿಯಿಂದ ಹತ್ತುತ್ತಿದ್ದ. ಅದಕ್ಕೇ ಬಸ್ಸಪ್ಪನೂ ಹಾಗೆಯೇ ಹತ್ತಬೇಕು. ಪ್ರತಿ ವರ್ಷ ಬಿಸಿಲು ಏರುವ ಮೊದಲೇ ಗುಡಿ ಮುಟ್ಟುತ್ತಿದ್ದರು. ಈ ಸಲ ಹೊತ್ತು ನೆತ್ತಿಯ ಕಡೆ ಹೊರಟಿದ್ದರೂ ಗುಡಿಯ ಸುಳಿವಿಲ್ಲ.

ತಡವಾಗಿದ್ದಕ್ಕೂ ಬಸ್ಸಪ್ಪನೇ ಕಾರಣ. ಬೆಳಿಗ್ಗೆ ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಅವನು ಒಂದು ಬಸ್ಸಿನ ಹಣೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿ, "ಹತ್ರಿ, ಇದೇ ಮಸ್ಕಿ ಮ್ಯಾಲ ಹೋಗೋ ಸಿಂಧನೂರು ಗಾಡಿ" ಎಂದ. ಬೋರ್ಡಿನ ಮೇಲೆ ಅಂಗೈ ಗಾತ್ರದ ಅಕ್ಷರದಲ್ಲಿ 'ಮುದಗಲ್' ಎಂದು ಬರೆದಿತ್ತು. ಮೂವರೂ ಓದಿದರು. ಮೂವರೂ ಹತ್ತಿದರು. ಕಂಡಕ್ಟರು ಮಾತ್ರ ಗಣಿಯ ಶಿಸ್ತು ಅರಿಯದವನು.

"ಮಸ್ಕಿಗೆ ಹೋಗಾವ್ರು ಮುದಗಲ್ ಬಸ್ ಯಾಕ ಹತ್ತೀರಿ? ನಾಕು ಮಂದ್ಯಾಗ ಒಬ್ಬರಿಗೂ ಓದಾಕ ಬರಂಗಿಲ್ಲೇನು?" ಎಂದು ಊರ ಹೊರಗೆ ಇಳಿಸಿ ಹೋದ. ಅಲ್ಲಿಂದ ತಿರುಗಿ ನಡೆದು ಬರುವಷ್ಟರಲ್ಲಿ ಸಿಂಧನೂರಿನ ಬಸ್ಸು ಹೋಗಿತ್ತು.

"ಸೂರ್ಯ ಕಣ್ಣಾಗ ಹೊಡ್ಯಾಕತ್ತಿದ್ದ" ಎಂದಿದ್ದ ಬಸ್ಸಪ್ಪ.

ಸೂರ್ಯ ಅವನ ಬೆನ್ನಿಗಿದ್ದ. ಅದನ್ನು ಲಕ್ಷ್ಮಣ ನೋಡಿದ್ದ.

ಲಕ್ಷ್ಮಣ ಸಾಲಿನಲ್ಲಿ ಎರಡನೆಯವನು. ಮೇಸ್ತ್ರಿಯ ಬೆನ್ನಿಗೆ ಅಂಟಿ ನಡೆಯುವವನು. ಮಾತು ಕಡಿಮೆ, ಕಿವಿ ಹೆಚ್ಚು. ಅವನನ್ನು ಸಾಕಿದ ಅಜ್ಜಿ ಮುದುಕಮ್ಮ ಕಸ ಗುಡಿಸುವಾಗಲೂ, ಹತ್ತಿ ಬಿಡಿಸುವಾಗಲೂ ತತ್ವಪದ ಹೇಳಿಕೊಳ್ಳುತ್ತಿದ್ದಳು. "ಹಾಡಾವ್ರಿಗೆ ಅರ್ಧ ಪುಣ್ಯ, ಕೇಳಾವ್ರಿಗೆ ಉಳಿದರ್ಧ. ನೀ ಕೇಳು ಕೂಸೇ" ಎನ್ನುತ್ತಿದ್ದಳು. ಕೇಳಿ ಕೇಳಿ ಅವನ ಮನಸ್ಸು ಹಸಿ ಮಣ್ಣಿನಂತಾಗಿತ್ತು. ಒಮ್ಮೆ ಬಿದ್ದ ನುಡಿ ಅಚ್ಚೊತ್ತಿ ಉಳಿಯುತ್ತಿತ್ತು. ಈಗಲೂ ಅವನ ಮನೆಯ ಗೂಡಿನಲ್ಲಿ ಮಲ್ಲಯ್ಯ, ಬುದ್ಧ ಇಬ್ಬರೂ ಜೊತೆಗಿದ್ದಾರೆ. ಇಬ್ಬರ ಮುಂದೆಯೂ ಒಂದು ಪದ ಹೇಳದೆ ಅವನು ಪಾಳಿಗೆ ಹೊರಡುವುದಿಲ್ಲ.

ಗಣಿಗೆ ಇಳಿದ ಮೊದಲ ದಿನ ಅವನ ಎದೆ ಬಡಿತ ಅವನಿಗೇ ಕೇಳುತ್ತಿತ್ತು. ಬಸ್ಸಪ್ಪ ಅವನನ್ನು ಒಂದು ಗೋಡೆಗೆ ಆನಿಸಿ ಕೂರಿಸಿ, ಇಬ್ಬರ ತಲೆಯ ದೀಪವನ್ನೂ ಆರಿಸಿ, "ನಿನ್ನ ಅಜ್ಜಿ ಪದ ಒಂದು ಹೇಳು" ಎಂದಿದ್ದ. ಆ ಕಗ್ಗತ್ತಲಲ್ಲಿ ಲಕ್ಷ್ಮಣ ನಡುಗುತ್ತಲೇ ಹೇಳಿದ. ಮುಗಿಯುವಷ್ಟರಲ್ಲಿ ನಡುಕ ಹೋಗಿತ್ತು. "ನೋಡು, ಕತ್ತಲಿ ಎಲ್ಲಿ ಕಚ್ಚಿತು?" ಎಂದು ನಕ್ಕು ದೀಪ ಹಚ್ಚಿದ್ದ ಬಸ್ಸಪ್ಪ. ಅಂದಿನಿಂದ ಲಕ್ಷ್ಮಣನಿಗೆ ಅವನು ಬರೀ ಮೇಸ್ತ್ರಿಯಲ್ಲ, ಕಾಕಾ.

ಆ ಕಾಕಾನ ಕಣ್ಣು ನಾಳೆ ಪರೀಕ್ಷೆಗೆ ಕೂರಲಿತ್ತು. ಗಣಿಯೊಳಗೆ ಇಳಿಯುವವರು ಆಗಾಗ ದೇಹ ತಪಾಸಣೆ ಮಾಡಿಸಿಕೊಳ್ಳಬೇಕು. ಸೋಮವಾರ ಬಸ್ಸಪ್ಪ, ಲಕ್ಷ್ಮಣ ಇಬ್ಬರದೂ ಸರದಿ. ಕಣ್ಣು ಸರಿಯಿಲ್ಲವೆಂದರೆ ಬಸ್ಸಪ್ಪನನ್ನು ಕೆಳಗೆ ಬಿಡುವುದಿಲ್ಲ. ಸರಿಯಿದೆಯೆಂದು ಹೇಗಾದರೂ ತೇಲಿಸಿಬಿಟ್ಟರೆ, ನಾಳಿದ್ದಿನಿಂದ ಮತ್ತೆ ಅವನು ಮುಂದೆ, ಮೂರು ಮನೆಯ ದೀಪಗಳು ಅವನ ಹಿಂದೆ. ಎರಡರಲ್ಲಿ ಯಾವುದನ್ನು ಮಲ್ಲಯ್ಯನಲ್ಲಿ ಬೇಡಬೇಕೆಂದು ತಿಳಿಯದೆ ಲಕ್ಷ್ಮಣ ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಗುಡ್ಡದ ಬುಡದಲ್ಲಿ ಜೋಡಿ ಬಂಡೆ. ಅಲ್ಲಿ ಹಾದಿ ಕವಲೊಡೆಯುತ್ತದೆ. ಬಲಗಡೆಯ ಬಂಡೆಗೆ ಯಾರೋ ಭಕ್ತರು ಸುಣ್ಣದ ಪಟ್ಟೆ ಬಳಿದಿದ್ದರು, ಕುರುಡನಿಗೂ ಕಾಣಬೇಕು ಎನ್ನುವಷ್ಟು ದಪ್ಪಗೆ. ಬಸ್ಸಪ್ಪ ಕೈಯೊಳಗಿನ ಕೋಲಿನಿಂದ ಟಕ್ ಟಕ್ ಎಂದು ಬಂಡೆ ಬಡಿಯುತ್ತ ಎಡಕ್ಕೆ ತಿರುಗಿದ. ಗೂಡ್ಸ್ ಗಾಡಿಯೂ ಎಡಕ್ಕೆ ತಿರುಗಿತು.

ಅದರ ಫಲವೇ ಈಗಿನ ಸ್ಥಿತಿ. ಮುಂದೆ ಸೀತಾಫಲದ ಪೊದೆ, ಹಿಂದೆ ಹಾಳು ಬಿದ್ದ ಆಡಿನ ದೊಡ್ಡಿ, ಮೇಲೆ ಬಿಸಿಲು.

"ವಾಸಿಂ, ನಿನ್ನ ಮೊಬೈಲ್‌ನ್ಯಾಗ ನೋಡಪಾ" ಎಂದ ಸೂಗಪ್ಪ. ಸಾಲಿನ ಕೊನೆಯವನು, ಬಸ್ಸಪ್ಪನ ಸರೀಕ, ಜವಳಗೇರಾದವನು.

ಸಾಲಿನ ಮೂರನೆಯವನಾದ ವಾಸಿಂ ಮೊಬೈಲನ್ನು ಆಕಾಶಕ್ಕೆ ಹಿಡಿದು, ಒಂದು ಸುತ್ತು ತಿರುಗಿ ಹೇಳಿದ: "ನಾವು ಗುಡಿ ಸಮೀಪನ ಅದೀವಂತ. ಆದ್ರ ಅಲ್ಲಿಗೆ ಹೋಗಾಕ ಮೊದಲು ಮಸ್ಕಿ ಬಸ್ ಸ್ಟ್ಯಾಂಡಿಗೆ ಹೋಗ್ಬೇಕಂತ. ಕಾರಿನ್ಯಾಗ."

"ಕಾರು ನಿಮ್ಮಪ್ಪ ತರ್ತಾನೇನು?" ಎಂದು ರೇಗಿದ ಸೂಗಪ್ಪ.

"ನಮ್ಮಪ್ಪ ತರಂಗಿಲ್ಲ. ನಿಮ್ಮ ಬೀಗರು ಕೊಟ್ಟಾರಲ್ಲ ಎತ್ತಿನ ಬಂಡಿ, ಅದನ್ನ ತರಸು."

"ನಮ್ಮ ಜವಳಗೇರಾದಾಗ ಇಂಥ ಗೋಳಿಲ್ಲ ನೋಡು" ಎಂದು ಸೂಗಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಕಾಲುವಿ ದಂಡಿ ಹಿಡದು ಹೊಂಟ್ರ ಹೆಂಡ ಕುಡದಾವ ಸುದೇಕ ಮನಿ ಮುಟ್ಟತಾನ. ಈ ಗುಡ್ಡಕ್ಕೊಂದು ಕಾಲುವಿ ತೋಡಿದ್ರ ಏನಾಗ್ತಿತ್ತು?"

ಲಕ್ಷ್ಮಣ ಸಣ್ಣಗೆ ನಕ್ಕ. ಬಸ್ಸಪ್ಪ ನಗಲಿಲ್ಲ. ಮುಖ ಮೇಲೆತ್ತಿ, ಮೂಗಿನ ಹೊಳ್ಳೆ ಅರಳಿಸಿ ನಿಂತಿದ್ದ.

"ಸುಮ್ಕಿರ್ರಿ. ಗಾಳಿ ಎತ್ತಾಗಿಂದ ಬರ್ತದ ನೋಡೋಣು."

ಗಣಿಯಲ್ಲಿ ದಾರಿ ತಪ್ಪಿದವನು ಹಾಗೆಯೇ ಮಾಡುತ್ತಾನೆ. ತಂಪು ಗಾಳಿ ಬರುವ ಕಡೆ ಮುಖ ಮಾಡಿ ನಡೆದರೆ, ಆ ಗಾಳಿ ಎಲ್ಲಿಂದ ಒಳಗಿಳಿಯುತ್ತದೋ ಆ ಗಣಿಬಾವಿಯ ಬುಡಕ್ಕೆ ಬಂದು ನಿಲ್ಲುತ್ತಾನೆ. ಅಲ್ಲಿಂದ ಮೇಲೆ ಆಕಾಶ. ಆ ಬುದ್ಧಿ ಬಸ್ಸಪ್ಪನ ಜೀವವನ್ನು ಒಂದೆರಡು ಸಲ ಕಾದಿತ್ತು. ಆದರೆ ಗುಡ್ಡದ ಮೇಲೆ ಗಾಳಿಗೆ ಬಾಗಿಲೇ ಇಲ್ಲ. ಅದಕ್ಕೆ ಮನಸ್ಸು ಬಂದ ಕಡೆಯಿಂದ ಬರುತ್ತದೆ. ಇದು ಮೂವರಿಗೂ ಗೊತ್ತು. ಬಸ್ಸಪ್ಪ ಪಡುವಣಕ್ಕೆ ತಿರುಗಿದ; ಸಾಲೂ ತಿರುಗಿತು.

ಪೊದೆಗಳು ತೆಳುವಾದವು. ಬಿಸಿಲಿಗೆ ಬೆಳ್ಳಗೆ ಕಾದ ಹಾಸುಬಂಡೆಯ ಮೇಲೆ ಬಂದರು. ಗಾಳಿ ಅಂಗಿಯನ್ನು ಹಿಂದಕ್ಕೆ ಎಳೆಯತೊಡಗಿತು. ಬಸ್ಸಪ್ಪನ ನಡಿಗೆ ಚುರುಕಾಯಿತು. ಲಕ್ಷ್ಮಣ ಅವನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ಮನಸ್ಸಿನೊಳಗೆ ಅಜ್ಜಿಯ ಒಂದು ಪದ ಗುನುಗುತ್ತ ಬರುತ್ತಿದ್ದ. ಥಟ್ಟನೆ ಅವನ ಕಿವಿಗೆ ಏನೋ ಕೊರತೆ ಅನ್ನಿಸಿತು. ಕೋಲಿನ ಸಪ್ಪಳ ನಿಂತಿತ್ತು. ತಲೆ ಎತ್ತಿದರೆ, ಬಸ್ಸಪ್ಪ ಕೋಲನ್ನು ಮುಂದಕ್ಕೆ ಚಾಚಿದ್ದ.

"ಅಗಾ, ಹಾದಿ! ಬೆಳ್ಳಗ ಕಾಣ್ತದಲ್ಲ, ಅದ."

ಬೆಳ್ಳಗೆ ಕಾಣುತ್ತಿದ್ದದ್ದು ಹಾದಿಯೇ ನಿಜ. ಆದರೆ ಅದು ಗುಡ್ಡದ ಬುಡದ ಬಯಲಿನಲ್ಲಿ, ಹೊಲಗಳ ನಡುವೆ, ದಾರದ ಎಳೆಯಂತೆ ಬಿದ್ದಿದ್ದ ಬಂಡಿ ಹಾದಿ. ಅದಕ್ಕೂ ಬಸ್ಸಪ್ಪನ ಕಾಲಿಗೂ ನಡುವೆ ಬಂಡೆ ಮುಗಿದು ಬರೀ ಗಾಳಿಯಿತ್ತು.

ಬಸ್ಸಪ್ಪ ಕಾಲೆತ್ತಿದ.

ಲಕ್ಷ್ಮಣ ಎರಡೂ ಕೈಯಿಂದ ಅವನ ಸೊಂಟ ತಬ್ಬಿ ಹಿಂದಕ್ಕೆಳೆದ. ಇಬ್ಬರೂ ಬಂಡೆಯ ಮೇಲೆ ಕುಕ್ಕರಿಸಿದರು. ಕೋಲು ಕೈ ಜಾರಿ ಅಂಚಿನಾಚೆ ಹೋಯಿತು. ಅದು ಕೆಳಗೆ ಬಡಿದ ಸಪ್ಪಳ ಬರಲು ತಡವಾಯಿತು. ಬಂದಾಗ ನಾಲ್ವರೂ ಕೇಳಿಸಿಕೊಂಡರು.

"ಯಾ ಅಲ್ಲಾ" ಎಂದ ವಾಸಿಂ, ಪಿಸುದನಿಯಲ್ಲಿ.

ಲಕ್ಷ್ಮಣ ಎದ್ದು, ಬಸ್ಸಪ್ಪನನ್ನು ದಾಟಿ, ಅಂಚಿಗೂ ಅವನಿಗೂ ನಡುವೆ ನಿಂತ. ಮೇಸ್ತ್ರಿಯನ್ನು ದಾಟಿ ನಿಂತದ್ದು ಅವನಿಗೆ ಆಮೇಲೆ ಅರಿವಾಯಿತು. ಬಸ್ಸಪ್ಪ ಕೂತಲ್ಲೇ ಅಂಗೈಯಿಂದ ಬಂಡೆಯನ್ನು ಸವರುತ್ತಿದ್ದ. ಅಂಚು ಸಿಕ್ಕಿತು. ಬೆರಳು ಅಲ್ಲೇ ನಿಂತವು.

ಸೂಗಪ್ಪ ವಾಸಿಂನ ಕಡೆ ತಿರುಗಿದ. "ವಾಸಿಂ, ಜೋಡಿ ಬಂಡೆ ಕಡೆ ಸುಣ್ಣದ ಪಟ್ಟಿ ನೋಡಿದ್ಯೇನು?"

"ನೋಡಿದ್ದೆ."

"ಮತ್ತ್ಯಾಕ ಬೊಗಳಲಿಲ್ಲ?"

"ನೀ ನೋಡಿದ್ದಿಲ್ಲೇನು?"

"ನೋಡಿದ್ದೆ."

"ಮತ್ತ ನೀ ಯಾಕ ಬೊಗಳಲಿಲ್ಲ?"

"ಮೇಸ್ತ್ರಿ ಮುಂದಿದ್ದನಲ್ಲಲೇ!" ಎಂದು ಸೂಗಪ್ಪ ಹಣೆ ಬಡಿದುಕೊಂಡ. ಮರುಗಳಿಗೆ ಅವನಿಗೇ ತಡೆಯಲಾಗದೆ ನಗು ಬಂತು. ವಾಸಿಂನಿಗೂ ಬಂತು. ಸಾವು ಸವರಿಕೊಂಡು ಹೋದ ಮೇಲೆ ಬರುವ ಹುಚ್ಚು ನಗು. "ಬರೋಬ್ಬರಿ ಹೇಳಿದ್ದ ಆ ಕಂಡಕ್ಟರ್. ನಾಕು ಮಂದ್ಯಾಗ ಒಬ್ಬರಿಗೂ ಓದಾಕ ಬರಂಗಿಲ್ಲ!"

ಆ ನಗು ಕೇಳಿಯೇ ಏನೋ, ಪೊದೆಯ ಸಂದಿನಿಂದ ಆಡುಗಳ ಹಿಂದೆ ಒಬ್ಬ ಮುದುಕಿ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬಗ್ಗಿದ ಕೊಕ್ಕೆ ಕೋಲು.

"ಯಾರಪ್ಪಾ ನೀವು? ಸಾಯಾಕ ಬಂದೀರೇನು, ನಗಾಕ ಬಂದೀರೇನು? ಎರಡಕ್ಕೂ ಇದು ಜಾಗ ಅಲ್ಲ."

"ಮಲ್ಲಯ್ಯನ ಗುಡಿಗೆ ಹೊಂಟೀವಬೇ" ಎಂದ ಲಕ್ಷ್ಮಣ.

ಮುದುಕಿ ಅವನನ್ನೊಮ್ಮೆ, ಅವನ ಬೆನ್ನ ಹಿಂದಿನ ಆಳವನ್ನೊಮ್ಮೆ ನೋಡಿದಳು. "ಮಲ್ಲಯ್ಯ ಕೆಳಗಿಳದು ಹೋಗ್ಯಾನಂತ ಯಾರು ಹೇಳಿದ್ರು? ಹಿಂದಕ ತಿರುಗಿ ನೋಡ್ರಿ."

ತಿರುಗಿದರು. ಅವರು ಬೆನ್ನು ಮಾಡಿ ಬಂದಿದ್ದ ದಿಬ್ಬದ ಮೇಲೆ, ಎರಡು ಬಂಡೆಗಳ ನಡುವೆ, ಗುಡಿಯ ಶಿಖರ ಬಿಸಿಲಿಗೆ ಬೆಳಗುತ್ತಿತ್ತು. ಬೆಳಗಿನಿಂದ ಅಲ್ಲೇ ಇತ್ತು.

"ಎಲ್ಲ್ಯವರು?"

"ಹಟ್ಟಿಯವ್ರು. ಬಂಗಾರದ ಗಣ್ಯಾಗ ಇರ್ತೀವಿ."

"ಶಿವನೇ! ಪಾತಾಳದಾಗಿನ ಬಂಗಾರ ಕಾಣ್ತದ, ತಲಿ ಮ್ಯಾಲಿನ ಗುಡಿ ಕಾಣಂಗಿಲ್ಲ!" ಎಂದು ಮುದುಕಿ ನಕ್ಕು, ಬಸ್ಸಪ್ಪನ ಕಡೆ ನೋಡಿ ನಗು ನಿಲ್ಲಿಸಿದಳು. ಅವನು ಮತ್ತೆ ಅಂಗೈ ಅಡ್ಡ ಹಿಡಿದು ಶಿಖರವನ್ನು ಹುಡುಕುತ್ತಿದ್ದ. "ಏನಪಾ, ನಿನಗ ಬಿಸಲಾಗ ಎಲ್ಲಾ ಬೆಳ್ಳಗ, ಹಾಲು ಚೆಲ್ಲಿದಂಗ ಕಾಣ್ತದೇನು? ನೆರಳಿನ್ಯಾಗ ಜರಾ ಬೇಷ್ ಅನಸ್ತದೇನು?"

ಬಸ್ಸಪ್ಪ ಅಡ್ಡ ಹಿಡಿದ ಅಂಗೈಯನ್ನು ಕೆಳಗಿಳಿಸಿದ.

"ಪೊರಿ ಬಂದದ ನಿನಗ. ನನಗೂ ಹಿಂಗ ಇತ್ತು. ಆಡು ಅಂತ ಕಲ್ಲು ಹೊಡಕೊಂಡು ಬರ್ತಿದ್ದೆ ಸಂಜೀಕ. ಸಿಂಧನೂರಾಗ ತಗಸಿಕೊಂಡೆ. ಈಗ ನೋಡು" ಎಂದು ಎದುರಿನ ದಿಬ್ಬದ ಕಡೆ ಕೋಲು ತೋರಿಸಿದಳು. "ಆ ಕರಿ ಆಡು ಯಾವ ಗಿಡ ಮೇಯಾಕತ್ತದ ಹೇಳಲೇನು?"

"ನನ್ನ ಕಣ್ಣಿಗೆ ಏನೂ ಆಗಿಲ್ಲಬೇ. ಸೂರ್ಯ ಹೊಡ್ಯಾಕತ್ತಾನ" ಎಂದ ಬಸ್ಸಪ್ಪ.

"ಆತು ಬಿಡು. ಈ ಮುದುಕಿ ಗ್ಯಾನಮ್ಮಗ ಏನು ತಿಳೀತದ" ಎಂದು ಮುದುಕಿ ಆಡುಗಳ ಹಿಂದೆ ಹೊರಟಳು. ತುಸು ದೂರ ಹೋಗಿ ತಿರುಗಿ ಕೂಗಿದಳು: "ಹೋಗಾಗ ಆ ಸಣ್ಣಾವನ್ನ ಮುಂದ ಬಿಟಗೊಂಡು ಹೋಗ್ರೋ!"

ಸಣ್ಣವನು ಎಂದರೆ ಲಕ್ಷ್ಮಣ. ಸೂಗಪ್ಪ, ವಾಸಿಂ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಲಕ್ಷ್ಮಣ ಒಂದು ಕ್ಷಣ ತಡೆದ. ಆಮೇಲೆ ಮುಂದೆ ಹೆಜ್ಜೆ ಇಟ್ಟ. ಭುಜದ ಮೇಲೆ ಬಸ್ಸಪ್ಪನ ಕೈ ಬಂದು ಕೂತಿತು. ಮೊದಲು ಹಗುರಾಗಿ, ಬಂಡೆ ಏರುಮುಖವಾದ ಮೇಲೆ ಭಾರವಾಗಿ.

ಮುಂದೆ ನಡೆಯುವವನಿಗೆ ಹೊಣೆ ಎಷ್ಟು ಭಾರವೆಂದು ಲಕ್ಷ್ಮಣನಿಗೆ ಅಂದು ತಿಳಿಯಿತು. ಹಿಂದೆ ನಡೆಯುವಾಗ ಮನಸ್ಸಿನಲ್ಲಿ ಪದ ಗುನುಗಬಹುದು. ಮುಂದೆ ನಡೆಯುವಾಗ ಒಂದು ಕಲ್ಲನ್ನೂ ಕಣ್ಣು ತಪ್ಪಿಸಿ ಬಿಡುವಂತಿಲ್ಲ. "ಇಲ್ಲೊಂದು ಸಂದು ಅದ ಕಾಕಾ, ಕಾಲು ಎತ್ತಿಡು." "ಇಲ್ಲಿ ಮುಳ್ಳು ಅದ, ಬಲಕ್ಕ ಬಾ." ಮೊದಮೊದಲು ಸಂಕೋಚದಿಂದ ಹೇಳಿದ. ಬರಬರುತ್ತ ದನಿ ಗಟ್ಟಿಯಾಯಿತು. ಅಜ್ಜಿ ಮಾತು ಬಿಡಿಸಿ ಬಿಡಿಸಿ ಪದ ಹೇಳಿಕೊಡುತ್ತಿದ್ದಂತೆಯೇ ಅವನು ಹಾದಿಯನ್ನು ಬಿಡಿಸಿ ಬಿಡಿಸಿ ಹೇಳತೊಡಗಿದ. ಹಿಂದಿನಿಂದ ಸೂಗಪ್ಪ, "ಅಲ್ಲಲೇ, ನಮ್ಮ ಲಕ್ಷ್ಮಣನ ಬಾಯಾಗ ಇಷ್ಟು ಮಾತು ಇದ್ವೇನು? ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ?" ಎಂದ.

ಗುಡಿ ಮುಟ್ಟಿದರು. ಪೂಜಾರಿ ಕಾಯಿ ಒಡೆದ. ಕಾಯಿ ಸಮನಾಗಿ ಎರಡು ಹೋಳಾಯಿತು. ಲಕ್ಷ್ಮಣ ಕಣ್ಣು ಮುಚ್ಚಿ ನಿಂತ. ಬೆಳಿಗ್ಗೆ ಬಸ್ಸಿನಲ್ಲಿ ಏನು ಬೇಡಬೇಕೆಂದು ತಿಳಿಯದೆ ಒದ್ದಾಡಿದವನಿಗೆ ಈಗ ಒಂದೇ ಬೇಡಿಕೆ ನೆಟ್ಟಗೆ ನಾಲಿಗೆಗೆ ಬಂತು: ಕಾಕಾನ ಕಣ್ಣು ತಿಳಿಯಾಗಲಿ, ಪೊರೆ ಕಳಚಲಿ.

ಸೂಗಪ್ಪ, ವಾಸಿಂ ಚಹಾದ ಅಂಗಡಿ ಹುಡುಕಿ ಮೆಟ್ಟಿಲ ಕಡೆ ಇಳಿದು ಹೋದರು. ಬೇವಿನ ಮರದ ನೆರಳಿನಲ್ಲಿ, ಕಟ್ಟೆಯ ಮೇಲೆ ಬಸ್ಸಪ್ಪ, ಲಕ್ಷ್ಮಣ ಇಬ್ಬರೇ ಉಳಿದರು. ನೆರಳಿಗೆ ಬಂದ ಮೇಲೆ ಬಸ್ಸಪ್ಪನ ಮುಖದ ಬಿಗಿ ಸಡಿಲಾಗಿತ್ತು.

"ಖರೇ ಹೇಳ್ಲೇನು?" ಎಂದ. "ಹೋದ ಬ್ಯಾಸಗಿಂದ ಹಿಂಗ ಆಗ್ಯಾದ. ಕೆಳಗ ನನಗ ತ್ರಾಸಿಲ್ಲ. ಕತ್ತಲ್ಯಾಗ ಕಿವಿ ಅದ, ಕೈ ಅದ. ಮ್ಯಾಲ ಬಂದ್ರ ಸಾಕು, ಬೆಳಕ ನನ್ನ ಕುರುಡು ಮಾಡ್ತದ. ಎಂಥಾ ಚ್ಯಾಷ್ಟಿ ನೋಡು ದೇವರದು."

"ಗ್ಯಾನಮ್ಮ ಹೇಳಿದ್ದು ಕೇಳಿದ್ಯಲ್ಲ ಕಾಕಾ. ತಗಸಿದ್ರ ಹೋಗ್ತದ. ನಾಳೆ ಡಾಕ್ಟರ್ ಮುಂದ ಇದ್ದದ್ದು ಇದ್ದಂಗ ಹೇಳು. ತಗಸಾಕ ಎಲ್ಲಿಗೆ ಹೋಗಂತಾರ ಅಲ್ಲಿಗೆ ನಾನೂ ಬರ್ತೀನಿ. ಕಣ್ಣಿನ ಪಟ್ಟಿ ಬಿಚ್ಚೋತನ ನಿನ್ನ ಬಾಜೂಕ ಇರ್ತೀನಿ."

"ಅಲ್ಲೀತನ ನನ್ನ ಸಲಾಕಿ ಯಾರ ಕೈಯಾಗ?"

ಲಕ್ಷ್ಮಣ ತನ್ನ ಅಂಗೈ ನೋಡಿಕೊಂಡ. ಅದು ಯಾರ ಕೈಗೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸಪ್ಪ ಹತ್ತಿರ ಸರಿದ. ದನಿ ತಗ್ಗಿಸಿದ. "ಒಂದು ಕೆಲಸ ಮಾಡು. ಕಣ್ಣು ನೋಡಾಕ ಡಾಕ್ಟರ್ ಗ್ವಾಡಿ ಮ್ಯಾಲ ಅಕ್ಷರದ ಪಟ ಹಾಕಿರ್ತಾರಲ್ಲ, ಹೋದ ಸಲ ನೀ ಓದೀಯಲ್ಲ. ಒಂದ್ಸಲ ಬಿದ್ದದ್ದು ನಿನ್ನ ತಲ್ಯಾಗಿಂದ ಹೋಗಂಗಿಲ್ಲ, ನನಗ ಮಾಲೂಮದ. ಬಸ್ಸಿನ್ಯಾಗ ಹೋಗೋತನ ನನಗ ಕಲಸು. ಪದ ಕಲಸಿದಂಗ, ಧಾಟಿ ಹಚ್ಚಿ. ನಾಳೆ ಒಂದಿನ ಪಾಸಾಗ್ತೀನಿ. ಆಮ್ಯಾಲ ಪುರಸೊತ್ತು ಮಾಡಿಕೊಂಡು ಪೊರಿ ತಗಸ್ತೀನಿ. ಮಲ್ಲಯ್ಯನ ಆಣಿ."

ಆ ಅಕ್ಷರಗಳು ಲಕ್ಷ್ಮಣನ ನೆನಪಿನಲ್ಲಿ ಇದ್ದವು. ಮೇಲಿನ ಸಾಲಿನ ಒಂದೇ ದಪ್ಪ ಅಕ್ಷರದಿಂದ ಹಿಡಿದು ಕೆಳಗಿನ ಸಾಸಿವೆಯಂಥ ಸಾಲಿನವರೆಗೂ ಇದ್ದವು. ಬಸ್ಸಪ್ಪ ಕೇಳಿದ ಕೂಡಲೇ ಎದ್ದು, ತಾವೇ ಒಂದು ಧಾಟಿ ಹಿಡಿದು, ಗಂಟಲಿನ ತನಕ ಬಂದು ನಿಂತವು. ತುಟಿ ಅಲುಗಿಸಿದರೆ ಸಾಕಿತ್ತು. ಕಗ್ಗತ್ತಲಲ್ಲಿ ತನ್ನ ನಡುಕ ಬಿಡಿಸಿದ ಮನುಷ್ಯ ಜೀವನದಲ್ಲಿ ಮೊದಲ ಬಾರಿಗೆ ತನ್ನಲ್ಲಿ ಏನನ್ನೋ ಬೇಡುತ್ತಿದ್ದಾನೆ. ಬೇಡುವ ಆ ಕಣ್ಣುಗಳಲ್ಲಿ, ಇಷ್ಟು ಹತ್ತಿರದಿಂದ ನೋಡಿದರೆ, ಗುಡ್ಡೆಯ ನಡುವೆ ತೆಳ್ಳಗೆ ಬೂದಿ ಬಳಿದಂತೆ ಕಾಣುತ್ತಿತ್ತು.

ಬಸ್ಸಪ್ಪ ಅವನ ಮೊಣಕಾಲ ಮೇಲೆ ಕೈಯಿಟ್ಟ. "ಕಲಸ್ತೀಯಲ್ಲೋ ತಮ್ಮಾ? ನಿನಗೇನು ಖರ್ಚಿಲ್ಲ ಅದರಾಗ."

ಲಕ್ಷ್ಮಣ ಆ ಕೈಯ ಮೇಲೆ ತನ್ನ ಕೈಯಿಟ್ಟು, ಗಟ್ಟಿಯಾಗಿ ಹಿಡಿದುಕೊಂಡ.

"ಇಲ್ಲ ಕಾಕಾ. ಕಲಸಂಗಿಲ್ಲ."